ಕಾರಿನ ಮೂತಿ ಭಾರವೋ, ಬಾಲ ಹಗುರವೋ?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ನನ್ನ ಬಳಿ 2007ರ ಪೆಟ್ರೋಲ್ ಸ್ವಿಫ್ಟ್ ಇದೆ. ಎಂಜಿನ್ ಕೆಲಸ ಮಾಡಿಸಿ, ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೇನೆ. ವರ್ಷಕ್ಕೆ ಎರಡು ಮೂರು ಬಾರಿ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುವ ಆಟೋಕ್ರಾಸ್ ಎಂಬ ಕಾರು ಓಟದ ಸ್ಪರ್ಧೆಗೆ ಒಯ್ಯುತ್ತೇನೆ. ಉಳಿದ ದಿನಗಳಲ್ಲಿ ಮನೆಯ ಓಡಾಟಕ್ಕೂ ಅದೇ ಕಾರು. ಹಗುರವಾಗಲಿ ಎಂದು ಹಿಂದಿನ ಸೀಟು, ಸ್ಟೆಪ್ನಿ, ಜ್ಯಾಕ್ ತೆಗೆದಿಟ್ಟಿದ್ದೇನೆ. ಮುಂದೆ ಕಬ್ಬಿಣದ ಗಾರ್ಡ್ ಇದೆ, ಎಂಜಿನ್ ಅಡಿಗೆ ಉಕ್ಕಿನ ತಗಡಿದೆ. ಇಳಿಜಾರಿನ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಎಳೆಯುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಅಲ್ಲಾಡುತ್ತದೆ. ಸಂಪಾಜೆ ಘಾಟಿ ಹತ್ತುವಾಗ ತಿರುವಿನ ಒಳಬದಿಯ ಚಕ್ರ ಸುಮ್ಮನೆ ಸುತ್ತುತ್ತದೆ. ವೇಬ್ರಿಜ್‌ನಲ್ಲಿ ತೂಗಿಸಿದಾಗ ಮುಂದೆ 655 ಕಿಲೋ, ಹಿಂದೆ 345 ಕಿಲೋ ಬಂತು. ಆಶ್ಚರ್ಯವೆಂದರೆ ಡಿಕ್ಕಿಯಲ್ಲಿ ಅರ್ಧ ಗೋಣಿ ಅಡಿಕೆ ಇದ್ದ ದಿನ ಕಾರು ಚೆನ್ನಾಗಿ ಓಡುತ್ತದೆ. ಹಾಗಾದರೆ ಡಿಕ್ಕಿಯಲ್ಲಿ ಎರಡು ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಇಟ್ಟುಬಿಡಲೇ? ಬ್ಯಾಟರಿಯನ್ನೂ ಹಿಂದಕ್ಕೆ ಸಾಗಿಸಲೇ? ಮುಂದೆ ಹಿಂದೆ ಸಮಸಮ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಆ ಅರ್ಧ ಗೋಣಿ ಅಡಿಕೆ. ಮೂವತ್ತು ವರ್ಷಗಳಿಂದ ಕಾರುಗಳ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದೇನೆ. ಗಾಡಿಯ ದೋಷವನ್ನು ಇಷ್ಟು ಸ್ಪಷ್ಟವಾಗಿ ಗಮನಿಸಿ ಹೇಳುವವರು ಅಪರೂಪ. ಉತ್ತರವೂ ಆ ಗೋಣಿಯಲ್ಲಿಯೇ ಇದೆ.

ಅರ್ಧ ಗೋಣಿ ಎಂದರೆ 35 ಕಿಲೋ ಆಸುಪಾಸು. ನೀವು ಹಿಂದಿನಿಂದ ತೆಗೆದದ್ದು ಎಷ್ಟು? ಸೀಟು ಸುಮಾರು 20 ಕಿಲೋ, ಚಕ್ರ ಸಹಿತ ಸ್ಟೆಪ್ನಿ 15, ಜ್ಯಾಕ್ ಮತ್ತು ಸಲಕರಣೆ 4. ಒಟ್ಟು 39 ಎಂದು ಇಟ್ಟುಕೊಳ್ಳೋಣ. ಅಡಿಕೆ ಹಾಕಿದ ದಿನ ನಿಮ್ಮ ಕಾರಿಗೆ ಹೊಸದಾಗಿ ಯಾವ ಗುಣವೂ ಬರಲಿಲ್ಲ. ನೀವು ಕಿತ್ತುಕೊಂಡದ್ದು ಅದಕ್ಕೆ ಮರಳಿ ಸಿಕ್ಕಿತು, ಅಷ್ಟೆ. ನಿಮ್ಮ ಸ್ವಿಫ್ಟಿನಂತೆ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ, ಅಂದರೆ ಮುಂಚಕ್ರ ಚಾಲನೆಯ ಕಾರನ್ನು ಹಗುರ ಮಾಡಲು ಹೊರಟವರು ಮೊದಲು ಕೈಹಾಕುವುದು ಹಿಂದಿನ ಸೀಟಿಗೆ, ಏಕೆಂದರೆ ಅದನ್ನು ಬಿಚ್ಚುವುದು ಸುಲಭ. ಆದರೆ ಈ ಕಾರುಗಳಲ್ಲಿ ಹಿಂಭಾಗ ಮೊದಲೇ ಹಗುರ. ಭಾರವಿರುವುದು ಮುಂದೆ, ತೆಗೆಯುವುದು ಹಿಂದೆ. ತೂಕದ ಚೀಟಿಯಲ್ಲಿ ಒಟ್ಟು ಕಡಿಮೆಯಾಗಿ ಕಾಣುತ್ತದೆ, ತಕ್ಕಡಿ ಮಾತ್ರ ಇನ್ನಷ್ಟು ಮುಂದಕ್ಕೆ ವಾಲುತ್ತದೆ. ನಿಮ್ಮ ಲೆಕ್ಕದಲ್ಲಿ ಈಗ ಶೇಕಡಾ 65.5 ಭಾರ ಮುಂದಿದೆ. ಆ ಮೂರು ಸಾಮಾನುಗಳನ್ನು ಸ್ವಸ್ಥಾನದಲ್ಲಿ ಇಟ್ಟರೆ ಅದೇ ಪಾಲು ಶೇಕಡಾ 63ರ ಹತ್ತಿರ ಬರುತ್ತದೆ. ಬಿಡಿಗಾಸು ಖರ್ಚಿಲ್ಲ.

ಈಗ ಮೂತಿಯ ಕಡೆ ಬರೋಣ. ನಮ್ಮ ಕಡೆಯ ಹಳೆಯ ತೋಟಗಳಲ್ಲಿ ನೀರೆತ್ತುವ ಏತವನ್ನು ನೀವು ನೋಡಿರಬಹುದು, ಇಲ್ಲವೇ ಅಜ್ಜ ಹೇಳಿ ಕೇಳಿರಬಹುದು. ಉದ್ದನೆಯ ಮರ, ನಡುವೆ ಆನಿಕೆ, ಒಂದು ತುದಿಗೆ ಕಲ್ಲು. ಕಲ್ಲು ಆನಿಕೆಯಿಂದ ದೂರ ಹೋದಷ್ಟೂ ಅದರ ಬಲ ಹೆಚ್ಚು. ಕಾರಿನ ಮುಂದಿನ ಆಕ್ಸಲ್, ಅಂದರೆ ಎರಡು ಮುಂಚಕ್ರಗಳನ್ನು ಸೇರಿಸುವ ಅಚ್ಚು, ಆ ಆನಿಕೆ. ಬಂಪರಿನ ಮುಂದೆ ಕಟ್ಟಿದ ಕಬ್ಬಿಣದ ಗಾರ್ಡ್ ಆ ಕಲ್ಲು. ಸ್ವಿಫ್ಟಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 2390 ಮಿಲಿಮೀಟರ್. ಗಾರ್ಡ್ ಮುಂದಿನ ಆಕ್ಸಲ್‌ನಿಂದ ಮುಕ್ಕಾಲು ಮೀಟರ್ ಆಚೆ ಇದೆ, ತೂಕ 18 ಕಿಲೋ ಎಂದು ಹಿಡಿದರೆ, ಮುಂದಿನ ಚಕ್ರಗಳ ಮೇಲೆ ಹೆಚ್ಚಾಗುವುದು 18 ಕಿಲೋ ಅಲ್ಲ, 23.6 ಕಿಲೋ. ಹೆಚ್ಚುವರಿ 5.6 ಕಿಲೋ ಎಲ್ಲಿಂದ ಬಂತು? ಹಿಂದಿನ ಚಕ್ರಗಳಿಂದ. ಗಾರ್ಡ್ ಅಷ್ಟು ಭಾರವನ್ನು ಹಿಂದಿನಿಂದ ಎತ್ತಿ ಮುಂದೆ ಇಳಿಸುತ್ತದೆ. ಹಾಗಾಗಿ ಮುಂದಿನ ಆಕ್ಸಲ್‌ಗಿಂತ ಆಚೆ ಇರುವ ಒಂದು ಕಿಲೋ ತೆಗೆದರೆ ಸಿಗುವ ಲಾಭ ಬೇರೆಲ್ಲಿ ಒಂದು ಕಿಲೋ ತೆಗೆದರೂ ಸಿಗುವುದಿಲ್ಲ.

ಆ ಗಾರ್ಡನ್ನು ಇಂದೇ ಬಿಚ್ಚಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ತೂಕದ ವಿಷಯ ಬಿಟ್ಟರೂ ಅದು ಅಪಘಾತವಾದಾಗ ಹೊಡೆತವನ್ನು ಹೀರದೆ ನೇರವಾಗಿ ಚಾಸಿಗೆ ದಾಟಿಸುತ್ತದೆ, ರಸ್ತೆಯಲ್ಲಿ ನಡೆದು ಹೋಗುವವರ ಕಾಲು ಮುರಿಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂತಹ ಗಾರ್ಡ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ಎಲ್ಲ ರಾಜ್ಯಗಳಿಗೂ ಬರೆದಿದೆ. ಆರ್‌ಸಿ ಪುಸ್ತಕದಲ್ಲಿ ಸೀಟುಗಳ ಸಂಖ್ಯೆಯೂ ಇರುತ್ತದೆ ಎಂಬುದನ್ನು ಮರೆಯಬೇಡಿ; ಹಿಂದಿನ ಸೀಟಿಲ್ಲದೆ ಊರಿನ ರಸ್ತೆಯಲ್ಲಿ ಓಡಾಡುವುದೂ ಅದೇ ಕಲಮಿನ ಅಡಿಯಲ್ಲಿ ಬರುವ ಮಾತು. ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲಿಯೇ.

ಎಂಜಿನ್ ಅಡಿಯ ತಗಡಿನ ವಿಷಯ ಬೇರೆ. ಮಣ್ಣಿನ ಟ್ರ್ಯಾಕಿನಲ್ಲಿ, ಮುರಕಲ್ಲಿನ ಹೆಡೆ ಎದ್ದ ತೋಟದ ದಾರಿಯಲ್ಲಿ ಅದು ಬೇಕೇ ಬೇಕು. ಆದರೆ ಉಕ್ಕೇ ಆಗಬೇಕೆಂದಿಲ್ಲ. 3 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 23.5 ಕಿಲೋ ತೂಗುತ್ತದೆ. 70 ಸೆಂಟಿಮೀಟರ್ ಚೌಕದ ತುಂಡು ಎಂದರೆ ಹನ್ನೊಂದೂವರೆ ಕಿಲೋ. ಅದೇ ಅಳತೆಯ 4 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಐದೂಕಾಲು ಕಿಲೋ. ಉಳಿತಾಯ ಆರು ಕಿಲೋ, ಅದೂ ಮೂತಿಯಲ್ಲಿ. ಕಲ್ಲು ಬಡಿದರೆ ಅಲ್ಯೂಮಿನಿಯಂ ಬೇಗ ತಗ್ಗುತ್ತದೆ, ಆದ್ದರಿಂದ ಎಣ್ಣೆಯ ಸಂಪಿಗೂ ತಗಡಿಗೂ ನಡುವೆ ಎರಡು ಬೆರಳಿನ ಜಾಗ ಬಿಡಿಸಿ. ಎಣ್ಣೆ ಬದಲಿಸುವ ಬೋಲ್ಟಿನ ನೇರಕ್ಕೆ ತೂತು ಇರಲಿ. ಮಳೆಗಾಲದಲ್ಲಿ ಕೆಸರು ಅದರ ಮೇಲೆ ತುಂಬಿಕೊಳ್ಳುತ್ತದೆ. ಒಮ್ಮೆ ಆಟೋಕ್ರಾಸ್ ಮುಗಿಸಿ ಬಂದ ಕಾರಿನ ತಗಡು ಬಿಚ್ಚಿದಾಗ ಅದರ ಮೇಲಿದ್ದ ಒಣಗಿದ ಕೆಮ್ಮಣ್ಣನ್ನು ಬಕೆಟಿಗೆ ತುಂಬಿ ತೂಗಿ ನೋಡಿದೆ. ಏಳು ಕಿಲೋ ಇತ್ತು. ಹಗುರ ತಗಡು ಹಾಕಿಸಿ ಗಳಿಸಿದ್ದೆಲ್ಲ ಕೆಸರಿಗೆ ಹೋಗದಿರಲು ಹಿಂಬದಿಯ ಅಂಚಿನಲ್ಲಿ ನೀರು ಕೆಸರು ಇಳಿಯುವ ಸೀಳುಗಳನ್ನು ಮಾಡಿಸಿ.

ಲೆಕ್ಕ ಹೀಗೆ ನಿಲ್ಲುತ್ತದೆ. ಸೀಟು, ಸ್ಟೆಪ್ನಿ, ಜ್ಯಾಕ್ ವಾಪಸ್ ಇಟ್ಟು, ಗಾರ್ಡ್ ತೆಗೆದರೆ ಮುಂದೆ 633, ಹಿಂದೆ 388. ಮುಂದಿನ ಪಾಲು ಶೇಕಡಾ 62. ತಗಡು ಬದಲಿಸಿದರೆ 626 ಮತ್ತು 389. ಪಾಲು ಶೇಕಡಾ 61.7. ನಿಮ್ಮ ಈಗಿನ ಕಾರಿಗಿಂತ ಒಟ್ಟು 15 ಕಿಲೋ ಮಾತ್ರ ಹೆಚ್ಚು. ಅಷ್ಟು ಹೆಚ್ಚಿನ ಭಾರಕ್ಕೆ ಎಂಜಿನ್ ದಣಿಯುವುದಿಲ್ಲ. ನಿಮ್ಮ ಜೊತೆ ಒಂದು ಮಗು ಕುಳಿತ ಹಾಗೆ.

ಇನ್ನು ಬ್ಯಾಟರಿ. ಇದು ಎಲ್ಲರೂ ಕೇಳುವ ಪ್ರಶ್ನೆ. 11 ಕಿಲೋದ ಬ್ಯಾಟರಿ ಮುಂದಿನ ಆಕ್ಸಲ್‌ನ ನೇರದಿಂದ ಹಿಂದಿನ ಆಕ್ಸಲ್‌ನ ನೇರಕ್ಕೆ ಹೋದರೆ ಮುಂದೆ 11 ಕಡಿಮೆ, ಹಿಂದೆ 11 ಹೆಚ್ಚು. ಜೊತೆಗೆ ನಾಲ್ಕು ಮೀಟರ್ ದಪ್ಪ ತಾಮ್ರದ ಕೇಬಲಿನದೇ ಸುಮಾರು ಎರಡು ಕಿಲೋ. ಪಾಲು ಶೇಕಡಾ 60.5ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಸಾಮಾನು ಕದಲಿಸಿ ಶೇಕಡಾ ಒಂದಕ್ಕಿಂತ ಹೆಚ್ಚು ಸಿಗುವುದು ಇಲ್ಲಿ ಮಾತ್ರ, ನಿಜ. ಆದರೂ ನಿಮ್ಮಂತೆ ದಿನವೂ ಓಡಿಸುವ ಕಾರಿಗೆ ನಾನು ಇದನ್ನು ಕಡೆಯ ಕೆಲಸವಾಗಿ ಇಡುತ್ತೇನೆ. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಯಲ್ಲಿ, ಉಪ್ಪು ಗಾಳಿಯಲ್ಲಿ ಪ್ರತಿಯೊಂದು ಹೆಚ್ಚುವರಿ ಜೋಡಣೆಯೂ ಹಸಿರು ಹಿಡಿಯುವ ಜಾಗ. ಮಾಡಿಸುವುದೇ ಆದರೆ ಅರೆಬರೆ ಮಾಡಿಸಬೇಡಿ. ಕಾರಿನ ಒಳಗೆ ಇಡುವ ಬ್ಯಾಟರಿ ಸೀಲ್ ಆದ, ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿ ಹಿಡಿದಿರುವ ಎಜಿಎಂ ಮಾದರಿಯದಾಗಿರಲಿ. ಆಸಿಡ್ ತುಂಬುವ ಸಾಮಾನ್ಯ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಡಿಕ್ಕಿಯಲ್ಲಿ ಅದು ಬೆಂಕಿಗೆ ಆಹ್ವಾನ. ಕೇಬಲ್ 35 ಚದರ ಮಿಲಿಮೀಟರಿಗಿಂತ ತೆಳು ಬೇಡ. ಆ ದಪ್ಪದಲ್ಲಿ ಸ್ಟಾರ್ಟರ್ 150 ಆಂಪಿಯರ್ ಎಳೆದಾಗ ನಾಲ್ಕು ಮೀಟರಿನಲ್ಲಿ ಸುಮಾರು 0.3 ವೋಲ್ಟ್ ಕಳೆಯುತ್ತದೆ, ಅದನ್ನು ಸಹಿಸಬಹುದು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ದೊಡ್ಡ ಫ್ಯೂಸ್ ಕಡ್ಡಾಯ. ಕೇಬಲ್ ಎಂಜಿನ್ ಕೋಣೆಗೆ ದಾಟುವ ತೂತಿಗೆ ರಬ್ಬರ್ ಬಳೆ ಹಾಕಿಸಿ. ತಗಡಿನ ಬರಿಯ ಅಂಚು ದಿನಕ್ಕೆ ಸಾವಿರ ಸಲ ಉಜ್ಜಿದರೆ ಯಾವ ಹೊದಿಕೆಯೂ ಉಳಿಯುವುದಿಲ್ಲ. ಬ್ಯಾಟರಿಯನ್ನು ಬಾಡಿಗೆ ಬೋಲ್ಟ್ ಹಾಕಿ ಬಿಗಿದ ತಟ್ಟೆಯಲ್ಲಿ ಕೂರಿಸಿ. ರಬ್ಬರ್ ಪಟ್ಟಿ, ಹಗ್ಗ ಯಾವುದೂ ನಡೆಯದು.

ಇದಕ್ಕಿಂತ ಸುಲಭದ ಮಾತೊಂದು ನಿಮ್ಮ ಪೆಟ್ರೋಲ್ ಟ್ಯಾಂಕಿನಲ್ಲಿದೆ. ಸ್ವಿಫ್ಟಿನ ಟ್ಯಾಂಕ್ 43 ಲೀಟರಿನದು. ತುಂಬಿದಾಗ 32 ಕಿಲೋ ಪೆಟ್ರೋಲ್. ಟ್ಯಾಂಕ್ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ, ನೆಲಕ್ಕೆ ಹತ್ತಿರ, ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ. ಭಾರ ಇಡಲು ಇದಕ್ಕಿಂತ ಒಳ್ಳೆಯ ಜಾಗ ಕಾರಿನಲ್ಲಿ ಇಲ್ಲ. ಅದರ ಸುಮಾರು ಐದರಲ್ಲಿ ನಾಲ್ಕು ಪಾಲು ಹಿಂಚಕ್ರಗಳ ಮೇಲೆ ಬೀಳುತ್ತದೆ. ಕಾಲು ಟ್ಯಾಂಕಿನಲ್ಲಿ ಓಡುವುದನ್ನು ಬಿಟ್ಟು ಮುಕ್ಕಾಲು ಟ್ಯಾಂಕ್ ಇಟ್ಟುಕೊಂಡರೆ ಬ್ಯಾಟರಿ ಸಾಗಿಸಿದಷ್ಟೇ ಭಾರ ಹಿಂದೆ ಕೂರುತ್ತದೆ. ಪೆಟ್ರೋಲ್ ತಳದಲ್ಲಿದ್ದಾಗ ಜೋರಾದ ತಿರುವಿನಲ್ಲಿ ಅದು ಒಂದು ಮೂಲೆಗೆ ಓಡಿ ಎಂಜಿನ್ ತಡವರಿಸುವುದೂ ತಪ್ಪುತ್ತದೆ.

ಮುರಕಲ್ಲಿನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಬೇಡ. ಕಟ್ಟದೆ ಇಟ್ಟ ಕಲ್ಲು ಅಪಘಾತದಲ್ಲಿ ಡಿಕ್ಕಿಯಲ್ಲೇ ಇರುವುದಿಲ್ಲ, ನಿಮ್ಮ ಬೆನ್ನಿಗೆ ಬರುತ್ತದೆ. ನಡುವೆ ತಡೆಯಲು ನೀವು ಸೀಟನ್ನೂ ಉಳಿಸಿಕೊಂಡಿಲ್ಲ. ಕಟ್ಟಿ ಇಟ್ಟರೂ ಇನ್ನೊಂದು ತೊಡಕಿದೆ, ಅದನ್ನು ನಾನು ಮೈಮೇಲೆ ಎಳೆದುಕೊಂಡು ಕಲಿತವನು. ಬಹಳ ವರ್ಷಗಳ ಹಿಂದೆ ನನ್ನದೊಂದು ಮಾರುತಿ ಎಸ್ಟೀಮ್ ಕಾರು ಇತ್ತು. ಅಂಕಿಗಳ ಹುಚ್ಚು ಹಿಡಿದಿತ್ತು. ಬ್ಯಾಟರಿ, ಸಲಕರಣೆಯ ಪೆಟ್ಟಿಗೆ, 20 ಲೀಟರ್ ನೀರಿನ ಕ್ಯಾನ್ ಎಲ್ಲವನ್ನೂ ಡಿಕ್ಕಿಯ ಹಿಂದಿನ ಗೋಡೆಗೆ ಒತ್ತಿ ಬಿಗಿದಿದ್ದೆ. ವೇಬ್ರಿಜ್ ಚೀಟಿ ನೋಡಿ ಸಂತೋಷಪಟ್ಟೆ. ಆಟೋಕ್ರಾಸ್ ಮುಗಿಸಿ ಮುಳ್ಳೇರಿಯದಿಂದ ಆದೂರಿನ ಕಡೆ ಹೋಗುತ್ತಿದ್ದೆ, ಜೂನ್ ತಿಂಗಳ ಸಂಜೆ, ಆಗಷ್ಟೇ ಮಳೆ ನಿಂತಿತ್ತು. ಇಳಿಜಾರಿನ ಎಡತಿರುವಿನ ನಡುವೆ ಎದುರಿಗೆ ಬಸ್ ಕಂಡು ಆಕ್ಸಲರೇಟರಿನಿಂದ ಕಾಲೆತ್ತಿದೆ. ಬ್ರೇಕ್ ಕೂಡ ಒತ್ತಿರಲಿಲ್ಲ. ಕನ್ನಡಿಯಲ್ಲಿ ಕಾಣಬೇಕಾದ ರಸ್ತೆ ಪಕ್ಕದ ಗಾಜಿನಲ್ಲಿ ಕಾಣತೊಡಗಿತು. ಕಾರು ಹಿಂಬದಿಯಿಂದ ತಿರುಗಿ ಚರಂಡಿಗೆ ಇಳಿದು ಮುರಕಲ್ಲಿನ ಪಾಗಾರಕ್ಕೆ ಒರಗಿ ನಿಂತಿತು. ಬಸ್ಸಿನ ಚಾಲಕ ಜಾಗರೂಕನಾಗಿದ್ದುದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಏನಾಯಿತು? ಭಾರ ಎಷ್ಟು ಎಂಬುದಷ್ಟೇ ಅಲ್ಲ, ಅದು ಕಾರಿನ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಕಾರು ತಿರುಗುವುದನ್ನು ಆ ಭಾರ ತಡೆಯುವ ಬಲ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ದೂರ ಎರಡು ಪಟ್ಟಾದರೆ ಪರಿಣಾಮ ನಾಲ್ಕು ಪಟ್ಟು. ತುದಿಯಲ್ಲಿ ಕಲ್ಲು ಕಟ್ಟಿದ ಕಾರು ತಿರುಗಲು ತಡಮಾಡುತ್ತದೆ, ಒಮ್ಮೆ ತಿರುಗತೊಡಗಿದರೆ ನಿಲ್ಲಲೂ ತಡಮಾಡುತ್ತದೆ. ಕವಣೆಯ ಕಲ್ಲಿನ ಹಾಗೆ. ಭಾರವನ್ನು ಹಿಂದಕ್ಕೆ ಸಾಗಿಸುವುದಿದ್ದರೆ ಅದು ಹಿಂದಿನ ಆಕ್ಸಲ್‌ಗೆ ಮುಂದೆ, ತಗ್ಗಿನಲ್ಲಿ ಇರಲಿ. ಹಿಂದಿನ ಸೀಟು ಇರುವುದು ಅಲ್ಲಿಯೇ ಎಂಬುದನ್ನು ಗಮನಿಸಿ.

ಸಮಸಮದ ಕನಸಿನ ಬಗ್ಗೆ. ನಿಮ್ಮ ಕಾರಿನಲ್ಲಿ ಅದು ಸಾಧಿಸಲು 155 ಕಿಲೋ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಹದಿನಾಲ್ಕು ಬ್ಯಾಟರಿಗಳ ತೂಕ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಮುಂದಿನ ಆಕ್ಸಲ್‌ನ ಮೇಲೋ ಆಚೆಗೋ ಇರುವಾಗ ಅದು ಆಗುವ ಹೋಗುವ ಕೆಲಸವಲ್ಲ. ಆದರೂ ಹೇಗೋ ಆಯಿತು ಎನ್ನಿ. ಹತ್ತಕ್ಕೆ ಒಂದರ ಏರಿನಲ್ಲಿ ಸಾಧಾರಣ ವೇಗವೃದ್ಧಿಯೊಡನೆ ಹತ್ತುವಾಗ ಸುಮಾರು 80 ಕಿಲೋ ಭಾರ ಮುಂಚಕ್ರಗಳಿಂದ ಹಿಂಚಕ್ರಗಳಿಗೆ ಸರಿಯುತ್ತದೆ. ಈಗಿನ 655ರಲ್ಲಿ 575 ಉಳಿಯುತ್ತದೆ. ಸಮಸಮ ಮಾಡಿದ 500ರಲ್ಲಿ ಉಳಿಯುವುದು 420. ಎಳೆಯುವ ಚಕ್ರಗಳ ಮೇಲೆ ಅಷ್ಟೇ ಭಾರವಿಟ್ಟುಕೊಂಡು ಆಷಾಢದ ಮಳೆಯಲ್ಲಿ ನಿಮ್ಮ ತೋಟದ ಏರು ಹತ್ತಲು ಹೋದರೆ ಕಾರು ನಿಂತಲ್ಲೇ ಮಣ್ಣು ಅಗೆಯುತ್ತದೆ. ಮುಂಚಕ್ರ ಚಾಲನೆಯ ಕಾರಿಗೆ ಮೂತಿಯ ಭಾರ ಹೊರೆಯೂ ಹೌದು, ಅನ್ನವೂ ಹೌದು. 1962 ಮತ್ತು 1963ರಲ್ಲಿ ಸ್ವೀಡನ್ನಿನ ಚಾಲಕ ಎರಿಕ್ ಕಾರ್ಲ್‌ಸನ್ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದದ್ದು ಮುಂಚಕ್ರ ಚಾಲನೆಯ ಸಾಬ್ 96ರಲ್ಲಿ. 1964ರಲ್ಲಿ ಅದೇ ರ‍್ಯಾಲಿ ಗೆದ್ದದ್ದು ಮುಂಚಕ್ರ ಚಾಲನೆಯದೇ ಆದ ಮಿನಿ. ಹಿಮದ ಘಾಟಿಗಳಲ್ಲಿ ಆ ಕಾರುಗಳ ಕೈಹಿಡಿದದ್ದು ಎಳೆಯುವ ಚಕ್ರಗಳ ಮೇಲೆ ಕೂತಿದ್ದ ಎಂಜಿನ್ನಿನ ಭಾರವೇ. ಶೇಕಡಾ 60ರಿಂದ 62ರ ನಡುವೆ ಬಂದರೆ ಅಲ್ಲಿಗೆ ನಿಲ್ಲಿಸಿ.

ನಿಮ್ಮ ಮೂರು ದೂರುಗಳನ್ನು ಈಗ ಒಂದೊಂದಾಗಿ ನೋಡಬಹುದು.

ಬ್ರೇಕಿನಲ್ಲಿ ಹಿಂಭಾಗ ಅಲ್ಲಾಡುವುದು ಎಲ್ಲಕ್ಕಿಂತ ಗಂಭೀರ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಕಾರಿನ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಹಿಡಿದರೆ, ಒಣ ಡಾಂಬರಿನ ಮೇಲೆ ಜೋರಾಗಿ ನಿಲ್ಲಿಸುವಾಗ 184 ಕಿಲೋ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಹತ್ತಕ್ಕೆ ಒಂದರ ಇಳಿಜಾರಾದರೆ ಇನ್ನೂ 23 ಕಿಲೋ. 345ರಲ್ಲಿ ಉಳಿಯುವುದು 138. ಒಂದೊಂದು ಹಿಂಚಕ್ರಕ್ಕೆ 69 ಕಿಲೋ, ನಿಮ್ಮ ಮನೆಯ ಒಂದು ತುಂಬಿದ ಗೋಣಿ ಅಡಿಕೆಯ ಭಾರ. ಇಷ್ಟೇ ಭಾರ ಹೊತ್ತ ಚಕ್ರ ಬ್ರೇಕಿನ ಹಿಡಿತಕ್ಕೆ ಸುಲಭವಾಗಿ ನಿಂತುಬಿಡುತ್ತದೆ, ಸುತ್ತದ ಚಕ್ರ ಪಕ್ಕಕ್ಕೆ ಜಾರುತ್ತದೆ. ಅದರ ಮೇಲೆ ನಿಮ್ಮ ಗಟ್ಟಿ ಸ್ಪ್ರಿಂಗುಗಳು. ಸ್ಪ್ರಿಂಗಿನ ಗಡಸುತನ ಹೊರುವ ಭಾರಕ್ಕೆ ತಕ್ಕಂತೆ ಇರಬೇಕು. ನೀವು ಸ್ಪ್ರಿಂಗನ್ನು ಗಟ್ಟಿ ಮಾಡಿದಿರಿ, ಭಾರವನ್ನು ಕಡಿಮೆ ಮಾಡಿದಿರಿ. ಚೆರ್ಕಳ–ಕಲ್ಲಡ್ಕ ರಸ್ತೆಯ ತೇಪೆಗಳ ಮೇಲೆ ಹಿಂದಿನ ಟೈರು ನೆಲ ಬಿಟ್ಟು ಕುಣಿಯುವುದಕ್ಕೆ ಇದೇ ಕಾರಣ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಸೀಟು ಸ್ಟೆಪ್ನಿ ವಾಪಸ್ ಇಟ್ಟ ಮೇಲೂ ಕುಣಿತ ನಿಲ್ಲದಿದ್ದರೆ ಹಿಂದಿನ ಎರಡು ಸ್ಪ್ರಿಂಗುಗಳನ್ನು ಮೂಲದವಕ್ಕೆ ಬದಲಿಸಿ, ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ ನೋಡಿಸಿ. ಹಿಂದಿನ ಬ್ರೇಕಿನ ಒತ್ತಡ ನಿಯಂತ್ರಿಸುವ ವಾಲ್ವಿಗೆ ಮಾತ್ರ ಯಾರೂ ಕೈಹಾಕದಂತೆ ನೋಡಿಕೊಳ್ಳಿ. ಹಿಂದೆ ಹೆಚ್ಚು ಬ್ರೇಕ್ ಬರಲಿ ಎಂದು ಅದನ್ನು ತೆಗೆದು ನೇರ ಪೈಪ್ ಹಾಕಿದ ಕಾರುಗಳನ್ನು ನೋಡಿದ್ದೇನೆ. ಮೊದಲ ಮಳೆಗೇ ಅವು ತಿರುಗಿ ನಿಲ್ಲುತ್ತವೆ.

ಇಳಿಜಾರಿನಲ್ಲಿ ಮೂತಿ ಹೊರಕ್ಕೆ ಎಳೆಯುವುದು. ಇದರಲ್ಲಿ ತೂಕದ ಪಾತ್ರ ಇದೆ, ಆದರೆ ಜನ ಅಂದುಕೊಂಡಷ್ಟು ಇಲ್ಲ. ಟೈರಿನ ಮೇಲಿನ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ ಆಗುತ್ತದೆ. ಆದ್ದರಿಂದಲೇ ಹೆಚ್ಚು ಭಾರ ಹೊತ್ತ ಮುಂಚಕ್ರಗಳು ಮೊದಲು ಸೋಲುತ್ತವೆ. ತಿರುವಿನಲ್ಲಿ ಒಳಚಕ್ರದ ಭಾರ ಹೊರಚಕ್ರಕ್ಕೆ ಸರಿಯುತ್ತದಲ್ಲ, ಆ ಸರಿತ ಮುಂದಿನ ಜೋಡಿಯಲ್ಲಿ ಎಷ್ಟು, ಹಿಂದಿನ ಜೋಡಿಯಲ್ಲಿ ಎಷ್ಟು ಎಂಬುದನ್ನು ನಿರ್ಧರಿಸುವುದು ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್ (ಕಾರು ಪಕ್ಕಕ್ಕೆ ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಸರಳು). ಹಿಂಭಾಗ ವಾಲದಂತೆ ಗಟ್ಟಿಯಾದಷ್ಟೂ ಆ ಹೊರೆಯನ್ನು ಹಿಂದಿನ ಜೋಡಿ ಹೊರುತ್ತದೆ, ಮುಂದಿನ ಜೋಡಿ ಉಸಿರಾಡುತ್ತದೆ. ರೇಸಿನಲ್ಲಿ ಮುಂಚಕ್ರ ಚಾಲನೆಯ ಕಾರುಗಳು ಒಳಬದಿಯ ಹಿಂಚಕ್ರವನ್ನು ಎತ್ತಿಕೊಂಡು ತಿರುಗುವುದನ್ನು ನೀವು ನೋಡಿರಬಹುದು, ಅದೇ ಇದು. ಆದರೆ ಮಳೆಯ ನಾಡಿನಲ್ಲಿ, ಮನೆಯವರು ಕೂರುವ ಕಾರಿನಲ್ಲಿ ಆ ದಾರಿ ಹಿಡಿಯುವ ಮೊದಲು ಟೈರಿನ ಗಾಳಿಯಿಂದ ಶುರುಮಾಡಿ.

ಒಂದು ತುಂಡು ಸೀಮೆಸುಣ್ಣ ತೆಗೆದುಕೊಳ್ಳಿ. ಟೈರಿನ ನೆಲ ಮುಟ್ಟುವ ಅಂಚಿನಿಂದ ಪಕ್ಕದ ಗೋಡೆಯ ಮೇಲಕ್ಕೆ ಮೂರು ಕಡೆ ಗೆರೆ ಎಳೆಯಿರಿ. ಒಣ ರಸ್ತೆಯಲ್ಲಿ ನಿಮಗೆ ಗೊತ್ತಿರುವ ನಾಲ್ಕು ತಿರುವು ಸುತ್ತಿ ಬಂದು ನೋಡಿ. ಮುಂದಿನ ಟೈರಿನಲ್ಲಿ ಗೆರೆ ಗೋಡೆಯ ಮೇಲೆ ಒಂದು ಬೆರಳಿನಷ್ಟು ಅಳಿಸಿ ಹೋಗಿದ್ದರೆ ಟೈರು ಮಗುಚಿಕೊಂಡು ಓಡುತ್ತಿದೆ. ಗಾಳಿ ಸಾಲದು, ಇಲ್ಲವೇ ಕ್ಯಾಂಬರ್, ಅಂದರೆ ಚಕ್ರದ ತಲೆಯ ವಾಲು, ಸಾಲದು. ಗೆರೆ ಅಂಚನ್ನು ಮುಟ್ಟದೆ ಪೂರ್ತಿ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಹೀಗೆ ಎರಡು ಪೌಂಡ್ ಏರಿಸಿ ಇಳಿಸಿ ಮುಂದಿನದನ್ನು ಹದಕ್ಕೆ ತನ್ನಿ. ಆಮೇಲೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಮುಂದಿನ ಚಕ್ರಗಳಿಗೆ ಒಂದರಿಂದ ಒಂದೂವರೆ ಡಿಗ್ರಿ ಋಣ ಕ್ಯಾಂಬರ್ ಕೊಡಿಸಿ, ಅಂದರೆ ಚಕ್ರದ ತಲೆ ಒಳಕ್ಕೆ ವಾಲುವ ಹಾಗೆ. ಮೂತಿ ತಿರುಗದ ಕಾರಿಗೆ ಬ್ಯಾಟರಿ ಸಾಗಿಸುವುದಕ್ಕಿಂತ ಈ ಒಂದು ಡಿಗ್ರಿ ಹೆಚ್ಚು ಕೊಡುತ್ತದೆ ಎಂಬುದು ನನ್ನ ಖಚಿತ ಅನುಭವ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸರಿಪಡಿಸುವುದನ್ನು ಕ್ಯಾಂಬರ್ ಆದ ಮೇಲೆ ಮಾಡಿಸಿ; ಕ್ಯಾಂಬರ್ ಬದಲಾದರೆ ಟೋ ಕೂಡ ಕದಲುತ್ತದೆ. ಹೊಸ ಟೈರ್ ಎರಡೇ ಕೊಳ್ಳುವ ಸಂದರ್ಭ ಬಂದರೆ ಅವನ್ನು ಹಿಂದಕ್ಕೆ ಹಾಕಿ. ಎಳೆಯುವ ಚಕ್ರಕ್ಕೇ ಹೊಸದು ಬೇಕೆಂದು ಅಂಗಡಿಯವರು ಹೇಳುತ್ತಾರೆ. ಒದ್ದೆ ರಸ್ತೆಯಲ್ಲಿ ಮೂತಿ ಜಾರಿದರೆ ನಿಮಗೆ ಸ್ಟಿಯರಿಂಗಿನಲ್ಲಿ ತಿಳಿಯುತ್ತದೆ, ಕಾಲೆತ್ತಿ ಸರಿಪಡಿಸಿಕೊಳ್ಳಬಹುದು. ಬಾಲ ಜಾರಿದರೆ ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ.

ಒಳಚಕ್ರ ಸುಮ್ಮನೆ ಸುತ್ತುವುದು ತೂಕದ ಹಂಚಿಕೆಯ ದೋಷವೇ ಅಲ್ಲ. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಒಂದೇ ತಿರುಚು ಬಲ ಕೊಡುತ್ತದೆ; ಸಂಪಾಜೆಯ ಏರಿನ ತಿರುವಿನಲ್ಲಿ ಹಗುರವಾದ ಒಳಚಕ್ರ ಎಷ್ಟು ತಡೆಯುತ್ತದೋ ಹೊರಚಕ್ರಕ್ಕೂ ಅಷ್ಟೇ ಸಿಗುವುದು. ಭಾರ ಹಿಂದಕ್ಕೆ ಸಾಗಿಸಿದರೆ ಇದು ಕೆಡುತ್ತದೆ, ಸುಧಾರಿಸುವುದಿಲ್ಲ. ಮುಂದೆ ದಪ್ಪ ಆಂಟಿ ರೋಲ್ ಬಾರ್ ಹಾಕಿಸಿದ್ದರೆ ಅದನ್ನು ತೆಗೆಸಿ, ಒಳಚಕ್ರವನ್ನು ಎತ್ತುವುದು ಅದೇ. ಸ್ಟಿಯರಿಂಗ್ ನೇರವಾಗತೊಡಗಿದ ಮೇಲೆ ಆಕ್ಸಲರೇಟರ್ ಒತ್ತುವುದನ್ನು ರೂಢಿಸಿಕೊಳ್ಳಿ. ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದಕ್ಕೆ ನಿಜವಾದ ಮದ್ದು, ಆದರೆ ವರ್ಷಕ್ಕೆ ಮೂರು ಆಟೋಕ್ರಾಸ್‌ಗಾಗಿ ಅಷ್ಟು ಹಣ ಸುರಿಯಬೇಡಿ.

ಇನ್ನೂ ಎರಡು ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತವೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಹಿಂಭಾಗವನ್ನು ತಗ್ಗಿಸಿದರೆ ಭಾರ ಹಿಂದಕ್ಕೆ ಬರುತ್ತದೆ ಎನ್ನುತ್ತಾರೆ. 25 ಮಿಲಿಮೀಟರ್ ತಗ್ಗಿಸಿದರೆ ನಿಮ್ಮ ಕಾರಿನಲ್ಲಿ ಸರಿಯುವುದು ಎರಡೂವರೆ ಕಿಲೋಕ್ಕಿಂತ ಕಡಿಮೆ. ಅದಕ್ಕಿಂತ ಚಾಲಕ ಸೀಟನ್ನು ಎಂಟು ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಕೂತರೆ ಸಾಕು, ಅಷ್ಟೇ ಸಿಗುತ್ತದೆ, ಕೈಕಾಲು ಸರಿಯಾಗಿ ಎಟುಕಿದರೆ ಮಾತ್ರ. ಎತ್ತರ ಹೊಂದಿಸುವ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಜೋಡಣೆ) ಹಾಕಿಸಿ ಮುಂದಿನ ಭಾರ ಕಡಿಮೆ ಮಾಡಬಹುದು ಎಂಬುದೂ ತಪ್ಪು. ಒಂದು ಮೂಲೆಯ ಸ್ಪ್ರಿಂಗ್ ಬಿಗಿದರೆ ಅದರ ಕರ್ಣದ ಮೂಲೆಗೂ ಭಾರ ಹೆಚ್ಚುತ್ತದೆ, ಉಳಿದೆರಡಕ್ಕೆ ಕಡಿಮೆಯಾಗುತ್ತದೆ. ಕುಂಟು ಕಾಲಿನ ಮೇಜಿಗೆ ಕಾಗದ ಮಡಚಿ ಇಟ್ಟ ಹಾಗೆ. ಮುಂದೆ ಇಷ್ಟು, ಹಿಂದೆ ಇಷ್ಟು ಎಂಬ ಮೊತ್ತ ಅಲುಗುವುದಿಲ್ಲ.

ಕೊನೆಯದಾಗಿ ತೂಗಿಸುವ ಕ್ರಮ. ಅಡಿಕೆ, ಕಲ್ಲಿನ ಲಾರಿಗಳು ಸಾಲು ನಿಲ್ಲುವ ಮೊದಲು, ಬೆಳಗ್ಗೆ ಬೇಗ ಹೋಗಿ. ಲಾರಿ ತೂಗುವ ಯಂತ್ರ ಐದು ಅಥವಾ ಹತ್ತು ಕಿಲೋಗಳ ಹೆಜ್ಜೆಯಲ್ಲಿ ಮಾತ್ರ ಅಂಕಿ ತೋರಿಸುತ್ತದೆ, ಹಾಗಾಗಿ ಬ್ಯಾಟರಿಯಂತಹ ಸಣ್ಣ ಬದಲಾವಣೆ ಅದರಲ್ಲಿ ಅರ್ಧ ಮರೆಯಾಗಿರುತ್ತದೆ. ಮೊದಲು ಪೂರ್ತಿ ಕಾರು, ಆಮೇಲೆ ಮುಂಚಕ್ರ ಮಾತ್ರ ತಟ್ಟೆಯ ಮೇಲೆ, ಆಮೇಲೆ ಹಿಂಚಕ್ರ ಮಾತ್ರ. ಪ್ರತಿಸಲವೂ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ; ಬ್ರೇಕ್ ಹಿಡಿದ ಕಾರು ತಟ್ಟೆಯನ್ನು ಎಳೆದು ಸುಳ್ಳು ಅಂಕಿ ಕೊಡುತ್ತದೆ. ಎರಡು ಬಿಡಿ ಅಂಕಿಗಳ ಮೊತ್ತ ಪೂರ್ತಿ ಕಾರಿನ ತೂಕಕ್ಕೆ ಹತ್ತು ಕಿಲೋದೊಳಗೆ ಹೊಂದಬೇಕು. ಹೊಂದದಿದ್ದರೆ ತಟ್ಟೆಯ ಆಚೀಚಿನ ನೆಲ ಸಮವಿಲ್ಲ, ಬೇರೆ ವೇಬ್ರಿಜ್ ಹುಡುಕಿ. ನೀವು ಖಾಲಿ ಕಾರು ತೂಗಿಸಿದಿರೋ ಒಳಗೆ ಕೂತೇ ತೂಗಿಸಿದಿರೋ ಬರೆದಿಲ್ಲ. ನಾನು ಖಾಲಿ ಎಂದೇ ಹಿಡಿದು ಲೆಕ್ಕ ಹಾಕಿದ್ದೇನೆ. ಈ ಸಲ ಎರಡೂ ರೀತಿ ತೂಗಿಸಿ. ಓಡುವ ಕಾರಿನಲ್ಲಿ ನೀವು ಇದ್ದೇ ಇರುತ್ತೀರಿ.

ಗಾರ್ಡ್ ಬಿಚ್ಚಿ, ಸೀಟು ಸ್ಟೆಪ್ನಿ ಇಟ್ಟು, ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ತೂಗಿಸಿದ ಚೀಟಿಗಳನ್ನು ಕಳಿಸಿಕೊಡಿ. ಜೊತೆಗೆ ಸೀಮೆಸುಣ್ಣದ ಗೆರೆ ನಾಲ್ಕೂ ಟೈರಿನಲ್ಲಿ ಎಲ್ಲಿಯವರೆಗೆ ಅಳಿಸಿತು ಎಂಬುದರ ಫೋಟೊ ಇರಲಿ. ಹಿಂದಿನ ಸ್ಪ್ರಿಂಗ್ ಬದಲಿಸಬೇಕೋ ಬೇಡವೋ ಎಂಬುದನ್ನು ಅವನ್ನು ನೋಡಿ ಹೇಳುತ್ತೇನೆ.